ಡಾಕ್ಟರಮ್ಮನಿಗೆ ಯಾವ ಗಂಡು?

“ಭಾನುವಾರದ ಬಾಹ್ಯಾಕಾಶದ ಧಾರಾವಾಹಿ ನೋಡ್ತೀರಾ? ಅದ್ರಲ್ಲಿ ಆ ಡಾಕ್ಟರಮ್ಮ ಕ್ಯಾಪ್ಟನ್‌ನೇ ಮದುವೆ ಆಗ್ಬೇಕು, ಅಲ್ವಾ?”

ನನ್ನ ಮಗಳನ್ನು ನೋಡಲು ಅಪ್ಪ ಅಮ್ಮನ ಜೊತೆ ಸೊರಬದಿಂದ ಶಿಕಾರಿಪುರಕ್ಕೆ ಬಂದಿದ್ದ ಹುಡುಗ ಅವಳನ್ನು ಕೇಳಿದ ಮೊದಲ ಪ್ರಶ್ನೆಯೇ ಇದು. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದವಳು ತಟ್ಟನೆ ತಲೆಯೆತ್ತಿದಳು.

“ಅದ್ಹೆಂಗಾಗುತ್ರೀ? ಅವನಿಗೆ ನೌಕೆ ಒಂದಿದ್ರೆ ಸಾಕು. ಇಂಜಿನ್ ರಿಪೇರಿಯವನೇ ಅವಳಿಗೆ ಸರಿಜೋಡಿ.”

ಹುಡುಗ ಬಿಡಲಿಲ್ಲ, ಇವಳೂ ಸೋಲಲಿಲ್ಲ. ದನಿ ಏರಿತು, ತಟ್ಟೆಯಲ್ಲಿದ್ದ ಉಪ್ಪಿಟ್ಟು ಆರಿತು. ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ಕಣ್ಣು ಬಿಟ್ಟು ಹೆದರಿಸಿದರೂ ಮಗಳು ಇತ್ತ ನೋಡಲೇ ಇಲ್ಲ. ಒಳ್ಳೆಯ ಸಂಬಂಧ ಕೈತಪ್ಪಿತೆಂದುಕೊಂಡೆ. ಆಗ ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟರು.

“ಅವಳು ಹೇಳೋದೇ ಸರಿ ಕಣೋ. ಆ ಕ್ಯಾಪ್ಟನ್ನು ಒಂದಿನಾದ್ರೂ ಡಾಕ್ಟರಮ್ಮನ್ನ ಊಟ ಆಯ್ತಾ ಅಂತ ಕೇಳಿದಾನಾ? ಥೇಟ್ ನಿಮ್ಮಪ್ಪ!”

ಮೊದಲು ನಕ್ಕವರು ಆ ಅಪ್ಪನೇ. ಅವತ್ತೇ ಎಲೆ ಅಡಿಕೆ ಬದಲಾಯಿಸಿಕೊಂಡೆವು.

ಮದುವೆಯಾಗಿ ವರ್ಷವಾಯಿತು. ಸೊರಬಕ್ಕೆ ಹೋದರೆ ಅವರಿಬ್ಬರ ವಾದ ಬೀದಿಗೇ ಕೇಳಿಸುತ್ತದೆ. ಮೊದಲಾಗಿದ್ದರೆ ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಈಗ ನೆಮ್ಮದಿಯಿಂದ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇನೆ.