ಸಂಬಂಧಿಕರಿಲ್ಲದ ಊರಿನ ಹುಡುಕಾಟ

ರಾಜಕೀಯ ಅರ್ಥಶಾಸ್ತ್ರದಲ್ಲಿ ಆಸಕ್ತಿಯಿರುವ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಎಂಬ ಪ್ರಕಟಣೆ ಓದಿದ ದಿನವೇ ನಾನು ಹೊಸ ಡೈರಿ ತೆರೆದೆ. ಅರ್ಜಿಗೆ ಹದಿನಾಲ್ಕು ದಿನ, ಹನ್ನೊಂದು ಜೆರಾಕ್ಸ್, ಆರು ಸಹಿ. ಆರನೇ ಸಹಿಯವರು ನನ್ನ ವಿಷಯ ಓದದೆಯೇ "ಉತ್ತಮ" ಎಂದು ಬರೆದರು. ಓದಿದ್ದರೆ ಇನ್ನೊಂದು ವಾರ ಹೋಗುತ್ತಿತ್ತು.

ವಿಷಯ: ಮಾನ್ವಿಯಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪುಗಳು ಕೂಲಿಯನ್ನು ಹೇಗೆ ಗೊತ್ತುಮಾಡುತ್ತವೆ. ಅಂಥದೊಂದು ಗುಂಪಿಗೆ ನಮ್ಮವ್ವನೇ ಮುಂದಾಳು. ಅರ್ಜಿಯಲ್ಲಿ "ಅಧ್ಯಯನಕ್ಕೊಳಪಡುವವರೊಂದಿಗೆ ಸಂಬಂಧ" ಎಂಬ ಕಾಲಂ ಇತ್ತು. ಕಾಲಂ ಖಾಲಿ ಬಿಟ್ಟು ನನಗೆ ಅಭ್ಯಾಸವಿಲ್ಲ. "ತಾಯಿ" ಎಂದು ಬರೆದೆ.

ರಾಯಚೂರಿನಲ್ಲಿ ಸಂದರ್ಶನ ಇಪ್ಪತ್ತೆರಡು ನಿಮಿಷ ನಡೆಯಿತು. ಹತ್ತೊಂಬತ್ತು ಆ ಒಂದು ಪದಕ್ಕೇ ಹೋದವು. ಸಂದರ್ಶನ ಸಮಿತಿಯ ಅಧ್ಯಕ್ಷರು ಅಕ್ಕಿ ಗಿರಣಿಗಳ ಬಗ್ಗೆ ಮೂರು ಪುಸ್ತಕ ಬರೆದವರು. ಸಿರವಾರದಲ್ಲಿ ಅವರ ಮನೆತನದ್ದೇ ಎರಡು ಗಿರಣಿಗಳಿವೆ. ಪುಸ್ತಕದ ಬೆನ್ನುಡಿಯಲ್ಲಿ ಅದಕ್ಕೆ "ಒಳನೋಟ" ಎಂಬ ಹೆಸರು. ನನ್ನದಕ್ಕೆ ಮಾತ್ರ ಪಕ್ಷಪಾತ ಎಂದರು.

"ತಾಯಿ ಮೇಲಿನ ಪ್ರೀತಿ ಬೇರೆ, ಸಂಶೋಧನೆ ಬೇರೆ, ನೋಡಮ್ಮ."

ಸಂಬಂಧಿಕರಿಲ್ಲದ ಊರು ಆರಿಸಿಕೊಂಡು, ಅಲ್ಲಿನ ಒಂದು ಮನೆಯ ಸಮೀಕ್ಷೆ ನಮೂನೆ ತುಂಬಿ ತಂದರೆ ಫೆಲೋಶಿಪ್ ಖಾತ್ರಿ ಎಂದು ಹೇಳಿ ಕಳಿಸಿದರು.

ಊರುಗಳ ಪಟ್ಟಿ ಮಾಡಿದೆ. ಕವಿತಾಳದಲ್ಲಿ ಅಕ್ಕ, ದೇವಸುಗೂರಿನಲ್ಲಿ ಸೋದರಮಾವ. ಹೊಡೆದುಹಾಕುತ್ತಾ ಹೋಗಿ ಉಳಿದದ್ದು ದೇವದುರ್ಗ. ಅಲ್ಲಿ ಕೂಲಿಗೆ ಹತ್ತಿ ಬಿಡಿಸುವ ಹೆಂಗಸರ ಗುಂಪುಗಳಿದ್ದವು, ನಮ್ಮವರು ಯಾರೂ ಇರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ.

ಮೊದಲ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸು ನನ್ನ ಪ್ರಶ್ನೆ ಕೇಳಿಸಿಕೊಳ್ಳುವ ಮೊದಲೇ ತನ್ನವನ್ನು ಶುರುಮಾಡಿದಳು. ಯಾವ ಊರು, ಯಾರ ಮಗಳು, ಅವ್ವನ ತವರು ಯಾವುದು, ಅಲ್ಲಿ ಬಾವಿ ಕಡೆಯ ಮನೆಯೋ ಗುಡಿ ಕಡೆಯದೋ. ನನ್ನ ಪ್ರಶ್ನಾವಳಿಗಿಂತ ಅವಳದೇ ಹೆಚ್ಚು ಶಿಸ್ತಿನದು. ಒಂಬತ್ತನೇ ನಿಮಿಷಕ್ಕೆ ಫಲಿತಾಂಶ ಬಂತು.

"ಹಂಗಾದ್ರ ನಾ ನಿಮ್ಮವ್ವಗ ತಂಗಿ, ನಿನಗ ಚಿಗವ್ವ ಆಗಬೇಕು. ಒಳಗ ಬಾ, ಉಂಡು ಬರಕೋ."

ನಮೂನೆಯಲ್ಲಿ ಮತ್ತೆ ಅದೇ ಕಾಲಂ. "ಇಲ್ಲ" ಎಂದು ಬರೆದರೆ ಫೆಲೋಶಿಪ್ ನನ್ನದು. ಪೆನ್ನು ಯಾಕೆ ನಿಂತಿತು ಎಂದು ಅವಳು ಕೇಳಿದಳು. ಇದ್ದದ್ದನ್ನು ಹೇಳಿದೆ.

"ಚಿಗವ್ವ ಅಲ್ಲಂತ ಬರದುಬಿಡವ್ವ. ನಾ ಏನ್ ಸಿಟ್ಟಾಗಂಗಿಲ್ಲ."

ರೊಟ್ಟಿ ತಟ್ಟುವ ಸದ್ದು ಮಾತ್ರ ಜೋರಾಯಿತು. "ಚಿಗವ್ವ" ಎಂದೇ ಬರೆದೆ.

ರಾಯಚೂರಿನ ಕಚೇರಿಯ ಗುಮಾಸ್ತರು ನಮೂನೆ ನೋಡಿ ದನಿ ತಗ್ಗಿಸಿದರು.

"ಇಲ್ಲ ಅಂತ ತಿದ್ದಿ ಕೊಡ್ರಿ ಮೇಡಂ. ಅಲ್ಲಿತನಕ ನೋಡಾಕ ಯಾರ್ ಹೋಗ್ತಾರ?"

"ಯಾರರ ಹೋಗ್ಲಿ ಅಂತಾನ ಬರದೀನ್ರೀ."

ಹನ್ನೆರಡನೇ ದಿನ ಪತ್ರ ಬಂತು: ತಟಸ್ಥತೆಯ ಕೊರತೆಯಿಂದಾಗಿ ಅರ್ಜಿ ತಿರಸ್ಕೃತ. ಅಷ್ಟರಲ್ಲಿ ನಾನು ದೇವದುರ್ಗದಲ್ಲಿ ಏಳು ಮನೆ ಮುಗಿಸಿದ್ದೆ. ಮೂರರಲ್ಲಿ ಸಂಬಂಧ ಸಿಕ್ಕಿದೆ. ಉಳಿದ ನಾಲ್ಕರಲ್ಲಿ ಅವರ ವಿಚಾರಣೆ ಇನ್ನೂ ನಡೆದಿದೆ.