ಲವಂಗದ ಮೇಡಂ ಮತ್ತು ಎರಡು ತಟ್ಟೆ ಹುಳ

ಅವರ ದವಡೆಯಲ್ಲಿ ಸದಾ ಒಂದು ಲವಂಗ. ಮಾತಾಡುವಾಗ ಅದು ಈ ಕೆನ್ನೆಯಿಂದ ಆ ಕೆನ್ನೆಗೆ ಓಡಾಡುತ್ತಿತ್ತು. ಎದುರಿನವರು ಮಾತಾಡುವಾಗ ಮಾತ್ರ ಅಲುಗುತ್ತಿರಲಿಲ್ಲ. ಶಿಡ್ಲಘಟ್ಟದ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದ ಅವರನ್ನು ನಮ್ಮ ಮನೆಯಲ್ಲಿ ಲವಂಗದ ಮೇಡಂ ಎನ್ನುತ್ತಿದ್ದೆವು.

ಬಾಣಂತನಕ್ಕೆಂದು ನಮ್ಮೂರು ದಿಬ್ಬೂರಹಳ್ಳಿಗೆ ಬಂದಿದ್ದ ಅಕ್ಕನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅದರ ಹಿಂದೆಯೇ ನಮ್ಮ ರೇಷ್ಮೆ ಹುಳಕ್ಕೂ ರೋಗ ಬಿತ್ತು. ಎರಡಕ್ಕೂ ತನ್ನ ಕೆಟ್ಟ ಕೈಯೇ ಕಾರಣವೆಂದು ಅಕ್ಕ ಊಟ ಬಿಟ್ಟು ಹಾಸಿಗೆ ಹಿಡಿದಳು. ಡಾಕ್ಟರು ಖಿನ್ನತೆ ಎಂದು ಮಾತ್ರೆ ಬರೆದು, ವಾರಕ್ಕೊಮ್ಮೆ ಮೇಡಂ ಹತ್ತಿರ ಮಾತಾಡಲು ಹೇಳಿದರು. ಮಾತ್ರೆಯ ಬಗ್ಗೆ ನನಗೆ ತಕರಾರಿರಲಿಲ್ಲ, ಮಾತಿನ ಬಗ್ಗೆ ಇತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಮಾತಿನಿಂದ ಏನೇನನ್ನು ನಂಬಿಸಬಹುದೆಂದು ಬಲ್ಲವನು ನಾನು.

“ಮಾತಿಂದ ಮೆದುಳಿನ ಕೆಮಿಸ್ಟ್ರಿ ಬದಲಾಗುತ್ತೆ ಅಂತೀರಲ್ಲ ಮೇಡಂ, ಅಕ್ಕನ ತಲೆಯೊಳಗೆ ಇಣುಕಿ ನೋಡಿದೋರು ಯಾರು?” ಎಂದೆ, ಅವರ ಕೋಣೆಯ ಗೋಡೆಯ ಮೇಲಿದ್ದ ಮೆದುಳಿನ ಪಟ ತೋರಿಸಿ.

“ನಾನಂತೂ ನೋಡಿಲ್ಲ ಕಣಪ್ಪ. ಆ ಪಟ ಗೋಡೆ ಬಿರುಕು ಮುಚ್ಚಕ್ಕೆ ಹಾಕಿರೋದು. ಕೆಟ್ಟ ಸುದ್ದಿ ಕೇಳಿದ್ರೆ ಎದೆ ಹೊಡ್ಕೊಳ್ಳುತ್ತೆ, ಕೈ ತಣ್ಣಗಾಗುತ್ತೆ. ಮಾತು ಮೈಗಿಳೀತು ತಾನೆ?”

“ಕೆಡಿಸುತ್ತೆ, ಒಪ್ಪಿದೆ. ಸರಿ ಮಾಡುತ್ತೆ ಅನ್ನಕ್ಕೆ ಪುರಾವೆ?”

“ಮಾಡುತ್ತೆ ಅಂತ ಓದಿದೀನಿ. ಯಾವ ರಸ, ಎಷ್ಟು ಅಂದ್ರೆ ನಂಗೊತ್ತಿಲ್ಲ, ಲಾಯರ್ ಸಾಹೇಬ್ರೇ.”

ಗೊತ್ತಿಲ್ಲ ಎನ್ನುವವರನ್ನು ಸೋಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಅನುಮಾನ ಇನ್ನೂ ಹೆಚ್ಚಿತು.

ಕೆಲವು ವಾರಗಳ ಮೇಲೆ ಅವರು ಅಕ್ಕನಿಗೊಂದು ಕೆಲಸ ಕೊಟ್ಟರು. ಹೊಸದಾಗಿ ತಂದ ಹುಳದಲ್ಲಿ ಒಂದು ತಟ್ಟೆಗೆ ಅಕ್ಕ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಪಕ್ಕದ ತಟ್ಟೆಗೆ ಅಮ್ಮ. ನಾನು ಮೇಡಂ ಅವರನ್ನು ಹೊರಗೆ ಅಡ್ಡಗಟ್ಟಿದೆ. “ಅಕ್ಕನ ತಟ್ಟೇಲಿ ಹುಳ ಸತ್ರೆ? ಆಮೇಲೆ ಅವಳು ಉಳೀತಾಳಾ?”

“ಕೆಲವು ಸಾಯ್ತವೆ ಕಣಪ್ಪ. ಅವಳಿಗೂ ಹೇಳಿದೀನಿ. ಅಮ್ಮನ ತಟ್ಟೇನೂ ನೋಡು ಅಂದಿದೀನಿ.”

ಹುಳ ಗೂಡು ಕಟ್ಟುವ ಹೊತ್ತಿಗೆ, ಒಂದು ಬೆಳಿಗ್ಗೆ ಅಕ್ಕ ಹುಳದ ಮನೆಯಿಂದ ಓಡಿಬಂದಳು. “ಅಮ್ಮನ ತಟ್ಟೇಲೂ ಸತ್ತಿದಾವೆ ಕಣೋ!” ಸಾವಿನ ಸುದ್ದಿಯನ್ನು ಅಷ್ಟು ಹಗುರಾಗಿ ಹೇಳಿದವರನ್ನು ನಾನು ಕಂಡಿಲ್ಲ. ಅಂದು ಮುದ್ದೆ ಕೇಳಿ ಹಾಕಿಸಿಕೊಂಡಳು.

ಎರಡು ತಟ್ಟೆ ಪುರಾವೆಯಾಗದು, ಮಾತ್ರೆಯೂ ನಡೆದಿತ್ತಲ್ಲ ಎಂದು ಮೇಡಂ ಜೊತೆ ಮತ್ತೆ ವಾದಕ್ಕೆ ನಿಂತೆ. “ಹೌದಪ್ಪ, ಮಾತ್ರೆ ಬಿಡಬೇಡಿ. ವಾದ ಮಾತ್ರ ಇನ್ಮೇಲೆ ನಿಮ್ಮಕ್ಕನ ಹತ್ರ ಮಾಡು, ಅವಳಿಗೀಗ ಬಾಯಿ ಬಂದಿದೆ” ಎಂದರು.

ಆ ವರ್ಷ ಕಳೆಯುವ ಮೊದಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಕೇಳಿ ಅಕ್ಕ ಅತ್ತು, ಊಟ ಬೇಡವೆಂದು ಗೋಡೆಗೆ ತಿರುಗಿ ಮಲಗಿದಳು. ಮತ್ತೆ ಅದೇ ಹಾಸಿಗೆಯೇ ಎಂದು ಅಮ್ಮ ಹೆದರಿದಳು, ನಾನೂ. ಅವಳ ಮೆದುಳಿನಲ್ಲಿ ಏನಾದರೂ ಬದಲಾಗಿತ್ತೋ ಇಲ್ಲವೋ, ನನಗೇನು ಗೊತ್ತು? ಮರುದಿನ ಅವಳು ಎದ್ದು ಹುಳದ ಮನೆಯತ್ತ ನಡೆದಾಗ ಅನುಮಾನಿಸುತ್ತಲೇ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

“ಏನೋ ಹಂಗೆ ನೋಡ್ತೀಯಾ? ಬಾ, ಸೊಪ್ಪಿನ ಬುಟ್ಟಿ ಹಿಡ್ಕೋ” ಎಂದಳು.