ಕ್ಲೈವ್ ಪೆಂಗಿಲಿ ಎಳೆದ ಕೆಂಪು ಗೆರೆ

ವಾಲರೂ ಊರಿನಲ್ಲಿ ಬೈಕು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ಸಲ ಕ್ಲೈವ್ ಪೆಂಗಿಲಿಯ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ ಕೂತು ಚಹಾ ಕುಡಿದವರೇ. ಚೈನಿಗೆ ಎಣ್ಣೆ ಬಿಡುವುದರಿಂದ ಹಿಡಿದು ದೊಡ್ಡ ಟ್ಯಾಂಕು ಕೂರಿಸುವುದು, ಇಂಜಿನ್ನಿಗೆ ಅಡ್ಡ ಕಂಬಿ ಬೆಸೆಯುವುದು, ಹಿಂದೆ ಎರಡೂ ಬದಿಗೆ ಪೆಟ್ಟಿಗೆ ಕಟ್ಟುವುದು, ಚಳಿಗಾಲಕ್ಕೆ ಹಿಡಿಕೆ ಬಿಸಿಯಾಗುವಂತೆ ತಂತಿ ಎಳೆಯುವುದು, ಎಲ್ಲ ಅಲ್ಲೇ. ದುಡ್ಡು ಮುಟ್ಟುತ್ತಿರಲಿಲ್ಲ. ಯಾರಾದರೂ ಬಿಯರ್ ತಂದಿಟ್ಟರೆ ಬೇಡ ಎನ್ನುತ್ತಲೂ ಇರಲಿಲ್ಲ.

ಅವನ ಕೈಕೆಲಸಕ್ಕೆ ಒಂದು ಗುರುತಿತ್ತು. ಟಾರ್ಕ್ ವ್ರೆಂಚಿನಿಂದ ಬೋಲ್ಟು ತಿರುಗಿಸಿ, ಬೇಕಾದಷ್ಟು ಬಿಗಿಯಾಯಿತೆಂದು ವ್ರೆಂಚು 'ಟಕ್' ಎಂದ ಮೇಲೆ, ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಹದಿನೇಳರ ವಯಸ್ಸಿನಲ್ಲಿ ಬಂದರಿನಲ್ಲಿ ಧಾನ್ಯ ತುಂಬಿಡುವ ಸೈಲೋಗಳಲ್ಲಿ ಫಿಟ್ಟರ್ ಕೆಲಸ ಕಲಿಯಲು ಸೇರಿದಾಗ ಅಲ್ಲಿನ ಮೇಸ್ತ್ರಿ ಹೇಳಿಕೊಟ್ಟದ್ದು ಅದು. "ಮೊದ್ಲು ಸದ್ದು, ಆಮೇಲೆ ಗೆರೆ. ಹಿಂದುಮುಂದು ಮಾಡಿದ್ಯೋ, ಕೈ ಮುರಿದು ನಿನ್ ಕೈಗೇ ಕೊಡ್ತೀನಿ" ಎಂದಿದ್ದನಂತೆ ಆ ಮನುಷ್ಯ. ಐವತ್ತನಾಲ್ಕು ವರ್ಷ ಕ್ಲೈವ್ ಹಿಂದುಮುಂದು ಮಾಡಿರಲಿಲ್ಲ.

ಸೈಲೋದಲ್ಲಿ ಗೆರೆ ಎಳೆಯಲು ಬಣ್ಣದ ಡಬ್ಬಿ ಇತ್ತು. ಮನೆಯಲ್ಲಿ ಹೆಂಡತಿ ಡಲ್ಸಿಯ ಉಗುರುಬಣ್ಣ. "ನನ್ ಉಗುರಿಗಿಂತ ನಿಮ್ ಬೈಕುಗಳೇ ಚೆನ್ನಾಗಿ ಸಿಂಗಾರ ಮಾಡ್ಕೊಂಡಿವೆ" ಎಂದು ಅವಳು ಬೈಯುತ್ತಲೇ ಪ್ರತಿ ಸಲ ಎರಡು ಸೀಸೆ ತರುತ್ತಿದ್ದಳು. ಮಗಳು ರೋವೆನಾ ಚಿಕ್ಕವಳಿದ್ದಾಗ ಆ ಸೀಸೆ ಹಿಡಿದುಕೊಂಡು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂರುವುದೇ ಅವಳ ಭಾನುವಾರವಾಗಿತ್ತು. ಡಲ್ಸಿ ತೀರಿಕೊಂಡು ಮೂರು ವರ್ಷವಾದ ಮೇಲೆ ಉಳಿದಿದ್ದು ಒಂದೇ ಸೀಸೆ. ಗಟ್ಟಿಯಾದಾಗಲೆಲ್ಲ ಎರಡು ತೊಟ್ಟು ಥಿನ್ನರ್ ಬಿಟ್ಟು ಅಲ್ಲಾಡಿಸುತ್ತಿದ್ದ. ಬೇರೆ ಸೀಸೆ ಅಂಗಡಿಯಲ್ಲಿ ಸಿಗುತ್ತಿತ್ತು. ತರಲಿಲ್ಲ.

ಎಲ್ಲವನ್ನೂ ಮತ್ತೊಮ್ಮೆ ನೋಡುವುದು ಅವನ ಹುಟ್ಟುಗುಣ. ರೋವೆನಾಳ ಕಾರಿನಲ್ಲಿ ಹತ್ತು ತಿಂಗಳ ಮೊಮ್ಮಗಳು ಎಲ್ಸಿಯ ಸೀಟು ಕೂರಿಸಿದವನು ಅವನೇ. ಅವರು ಹೊರಡುವಾಗ ಪ್ರತಿ ಸಲ ಬಾಗಿಲೊಳಗೆ ತಲೆ ತೂರಿಸಿ ಪಟ್ಟಿಯನ್ನು ಎರಡು ಬಾರಿ ಜಗ್ಗುತ್ತಿದ್ದ.

"ಅಪ್ಪ, ನಿನ್ನೆ ತಾನೇ ನೋಡಿದ್ಯಲ್ಲ."

"ನಿನ್ನೇದು ನಿನ್ನೆಗಾಯ್ತು."

ಆ ಮೇ ತಿಂಗಳ ಭಾನುವಾರ ಅಳಿಯ ಟೋಬಿ ಬೈಕು ತಂದು ಶೆಡ್ಡಿನಲ್ಲಿ ನಿಲ್ಲಿಸಿದ. ಹಿಂದೆಯೇ ಕಾರಿನಲ್ಲಿ ಬಂದ ರೋವೆನಾ ಮಗುವನ್ನೆತ್ತಿಕೊಂಡು ಮನೆಯೊಳಗೆ ಹೋದಳು. ವಾರಕ್ಕೆ ನಾಲ್ಕು ದಿನ ಅವನಿಗೆ ಪಿರಿ ಪಟ್ಟಣದಲ್ಲಿ ಕೆಲಸ. ಹೋಗಲು ನೂರು ಕಿಲೋಮೀಟರಿನ ಮೇಲೆ, ಬರಲು ಅಷ್ಟೇ. ಆ ಕಡೆ ಮೇ ಎಂದರೆ ಚಳಿಗಾಲ ಶುರುವಾಗುವ ಹೊತ್ತು, ಹಗಲು ಮೊಟಕಾಗುತ್ತ ಬಂದಿತ್ತು, ಮುಸ್ಸಂಜೆಗೆ ಕಾಂಗರೂಗಳು ಹೊಲದಿಂದ ರಸ್ತೆಗೆ ಇಳಿಯುವ ಕಾಲ. ಮುಂದೆ ಎರಡು ಹೆಚ್ಚಿನ ಲೈಟು ಹಾಕಬೇಕಿತ್ತು, ಸವೆದ ಬ್ರೇಕ್ ಪ್ಯಾಡು ಬದಲಿಸಬೇಕಿತ್ತು.

"ಏನ್ ಯಜಮಾನ್ರೇ, ಈ ಮುದುಕಿ ಇನ್ನೊಂದು ವರ್ಷ ಬಾಳ್ತಾಳಾ?" ಎಂದು ಟೋಬಿ ಬೈಕಿನ ಸೀಟು ತಟ್ಟಿದ.

"ಅವಳು ಬಾಳ್ತಾಳೆ. ಓಡಿಸೋನ ಗ್ಯಾರಂಟಿ ನನ್ನ ಕೇಳ್ಬೇಡ" ಎಂದ ಕ್ಲೈವ್. "ಹೋಗು, ಬೇಕರಿಯಿಂದ ಪಾಸ್ಟಿ ತಗೊಂಡ್ ಬಾ. ಇಲ್ಲಿ ನಿಂತು ನನ್ ಬೆಳಕು ಮುಚ್ಬೇಡ."

ಟೋಬಿ ನಗುತ್ತ ಹೋದ. ಲೈಟುಗಳ ಕೆಲಸ ಮುಗಿದು ಬ್ರೇಕಿಗೆ ಬಂದಾಗ ಹನ್ನೊಂದು ದಾಟಿತ್ತು. ಮುಂದಿನ ಚಕ್ರದ ಎರಡೂ ಬದಿಯಲ್ಲಿ ಬ್ರೇಕಿನ ತಟ್ಟೆಯನ್ನು ಅವುಚಿ ಹಿಡಿಯುವ ಕ್ಯಾಲಿಪರುಗಳಿರುತ್ತವೆ, ಒಂದೊಂದಕ್ಕೆ ಎರಡೆರಡು ಬೋಲ್ಟು. ಬಲಗಡೆಯದನ್ನು ಕೂರಿಸಿ ಬಿಗಿದ. ಟಕ್, ಟಕ್. ಗೆರೆ ಎಳೆದ. ಎಡಗಡೆಯ ಎರಡು ಬೋಲ್ಟುಗಳನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿದ. ಆಗ ನೋಡಿದರೆ ಡಲ್ಸಿಯ ಸೀಸೆಯ ತಳ ಬರಿದಾಗಿತ್ತು. ಕುಂಚದ ತುದಿಯಲ್ಲಿ ಉಳಿದದ್ದು ಎರಡು ಗೆರೆಗಾಗುವಷ್ಟು, ಅದೂ ಒಣಗುತ್ತಿತ್ತು.

ಅದು ಒಣಗಿಹೋಗುವುದನ್ನು ನೋಡಲು ಅವನಿಗೆ ಮನಸ್ಸಾಗಲಿಲ್ಲ. ಮೊದಲು ಗೆರೆ ಎಳೆದುಬಿಡೋಣ, ಹಸಿಯಿರುವಾಗಲೇ ಬಿಗಿದರೆ ಕುಂಚದ ತುದಿಯಿಂದ ಸರಿಮಾಡಿಕೊಳ್ಳಬಹುದು ಎಂದುಕೊಂಡ. ಎಳೆದ. ಎರಡು ಗೆರೆ. ವ್ರೆಂಚಿಗೆ ಕೈ ಹಾಕಿದ.

"ಅಪ್ಪಾ! ಅಪ್ಪಾ, ಬೇಗ ಬಾ!"

ಅಡುಗೆಮನೆಯಿಂದ ರೋವೆನಾಳ ಕೂಗು. ಎಲ್ಸಿಯ ಗಂಟಲಿಗೆ ಬ್ರೆಡ್ಡಿನ ಚೂರು ಸಿಕ್ಕಿಕೊಂಡಿತ್ತು. ಕ್ಲೈವ್ ಎಣ್ಣೆಗೈಯಲ್ಲೇ ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಹೊಡೆದ. ನಾಲ್ಕನೇ ಏಟಿಗೆ ಚೂರು ಹೊರಬಿತ್ತು, ಮಗು ಕಿಟಾರನೆ ಅತ್ತಿತು. ಅಂಥ ಅಳುವಿನಷ್ಟು ಹಿತವಾದ ಸದ್ದು ಆ ಹೊತ್ತಿಗೆ ಬೇರೆ ಯಾವುದಿರುತ್ತದೆ. ರೋವೆನಾ ನೆಲದ ಮೇಲೆ ಕುಸಿದು ಕೂತಳು, ಕ್ಲೈವ್ ಕುರ್ಚಿಯಲ್ಲಿ. ಅಷ್ಟರಲ್ಲಿ ಟೋಬಿ ಮಾಂಸ ತುಂಬಿದ ಬಿಸಿ ಪಾಸ್ಟಿಯ ಪೊಟ್ಟಣ ಹಿಡಿದು ಬಂದ. ಮಗು ಅವನ ಹೆಗಲೇರಿತು. ಚಹಾ ಆಯಿತು.

ಮುಕ್ಕಾಲು ಗಂಟೆಯ ಮೇಲೆ ಕ್ಲೈವ್ ಶೆಡ್ಡಿಗೆ ಮರಳಿದ. ಬಗ್ಗಿ ನೋಡಿದ. ಬಲಗಡೆ ಎರಡು ಕೆಂಪು ಗೆರೆ. ಎಡಗಡೆ ಎರಡು ಕೆಂಪು ಗೆರೆ. ನಾಲ್ಕೂ ನೆಟ್ಟಗಿದ್ದವು, ಒಣಗಿದ್ದವು. ತನ್ನ ಗೆರೆಯನ್ನು ನಂಬಿ ಬದುಕಿದವನು ಅವನು. ವ್ರೆಂಚು ಒರೆಸಿ ಗೋಡೆಯ ಮೊಳೆಗೆ ತೂಗುಹಾಕಿದ. ಟೋಬಿ ಊರೊಳಗೆ ಒಂದು ಸುತ್ತು ಹೊಡೆದು ಬಂದು "ಬೆಣ್ಣೆ ಹಂಗೆ ನಿಲ್ಲುತ್ತೆ" ಎಂದ.

ಸೋಮವಾರ ಅವನು ಹೋಗಿ ಬಂದ. ಮಂಗಳವಾರ ಸಂಜೆ ಬರಲಿಲ್ಲ.

ಊರಿಗೆ ಮೂವತ್ತು ಕಿಲೋಮೀಟರು ಇರುವಲ್ಲಿ, ಎರಡೂ ಕಡೆ ಉತ್ತ ಹೊಲವಿರುವ ನೇರ ರಸ್ತೆಯಲ್ಲಿ ಬೈಕು ಬಿದ್ದಿತ್ತು. ಟೋಬಿ ಬೇಲಿಯ ಬುಡದಲ್ಲಿದ್ದ. ಸ್ವಲ್ಪ ಆಚೆ ಒಂದು ಕಾಂಗರೂ ಸತ್ತು ಬಿದ್ದಿತ್ತು. ಅದು ಯಾವಾಗ ಸತ್ತದ್ದು, ಯಾವ ಗಾಡಿಗೆ ಸಿಕ್ಕಿದ್ದು ಎಂದು ಯಾರೂ ಕೇಳಲಿಲ್ಲ. ಆ ರಸ್ತೆಯಲ್ಲಿ ಕೇಳುವಂಥದ್ದೂ ಅಲ್ಲ ಅದು.

ಮುಂದಿನ ಸೋಮವಾರ ಮಣ್ಣಾಯಿತು. ರೋವೆನಾ ಮಗುವನ್ನೆತ್ತಿಕೊಂಡು ಅಪ್ಪನ ಮನೆಗೆ ಬಂದಳು. ಬುಧವಾರ, ಕೆಟ್ಟ ಗಾಡಿಗಳನ್ನು ಎಳೆದು ತರುವ ನೆವ್ ತನ್ನ ಲಾರಿಯಲ್ಲಿ ಬೈಕನ್ನು ತಂದು ಶೆಡ್ಡಿನೊಳಗೆ ಇಳಿಸಿದ.

"ಪೊಲೀಸ್ನೋರು ನೋಡಿ ಬಿಟ್ರು ಮಾರಾಯ. ಗುಜರಿಗೆ ಹಾಕಕ್ಕೆ ನಂಗೆ ಮನಸ್ ಬರ್ಲಿಲ್ಲ. ನೀನೇ ಏನಾದ್ರೂ ಮಾಡು" ಎಂದ ನೆವ್. ಆಮೇಲೆ, "ಹಾಳು ಕಾಂಗರೂ" ಎನ್ನುತ್ತ ಲಾರಿ ಹತ್ತಿದ.

ಅವನು ಹೋದ ಮೇಲೆ ಕ್ಲೈವ್ ಮಂಡಿಯೂರಿದ. ಬಲಗಡೆಯ ಕ್ಯಾಲಿಪರು ತನ್ನ ಜಾಗದಲ್ಲೇ ಇತ್ತು, ಎರಡು ಗೆರೆ ಅಖಂಡ. ಎಡಗಡೆಯದು ಬ್ರೇಕಿನ ಕೊಳವೆಗೆ ನೇತಾಡುತ್ತಿತ್ತು. ಅದು ಬಡಿದ ಕಡೆ ಚಕ್ರದ ಕಡ್ಡಿಗಳು ಒಳಕ್ಕೆ ಮಡಚಿಕೊಂಡಿದ್ದವು. ಬೋಲ್ಟುಗಳಿಲ್ಲ. ಬಿದ್ದ ರಭಸಕ್ಕೆ ಕಿತ್ತುಬಂದಿದ್ದರೆ ತೂತಿನೊಳಗಿನ ತಿರುಪಿನ ಸುರುಳಿ ಹರಿದಿರಬೇಕು, ಅಥವಾ ಮುರಿದ ತುಂಡು ಒಳಗೆ ಉಳಿದಿರಬೇಕು. ಕ್ಲೈವ್ ಕಿರುಬೆರಳು ಹಾಕಿ ನೋಡಿದ. ಸುರುಳಿ ಹೊಸದರ ಹಾಗೆ ನುಣ್ಣಗಿತ್ತು. ಬೋಲ್ಟುಗಳು ಮುರಿದಿರಲಿಲ್ಲ. ತಾವಾಗಿ ತಿರುಗಿ ತಿರುಗಿ, ಮುನ್ನೂರು ನಾನೂರು ಕಿಲೋಮೀಟರಿನ ಅದುರಿಗೆ ಕಳಚಿ ಬಿದ್ದಿದ್ದವು. ತೂತಿನ ಪಕ್ಕದ ಲೋಹದ ಮೇಲೆ ಎರಡು ಕೆಂಪು ಅರ್ಧಗೆರೆ ಉಳಿದಿದ್ದವು.

ಆಗ ಅವನಿಗೆ ಸದ್ದು ನೆನಪಿಗೆ ಬಂತು. ಬಲಗಡೆ ಎರಡು ಟಕ್. ಎಡಗಡೆಯದನ್ನು ಎಷ್ಟು ತಡಕಿದರೂ ಕೇಳಿಸಿದ್ದು ಮಗಳ ಕೂಗು ಮಾತ್ರ.

ಹೇಳಬೇಕು ಎಂದುಕೊಂಡೇ ಒಳಗೆ ಹೋದ. ರೋವೆನಾ ಮಗುವಿನ ಕಂಕುಳಿಗೆ ಥರ್ಮಾಮೀಟರು ಇಟ್ಟುಕೊಂಡು ಕೂತಿದ್ದಳು. ಆ ಮಂಗಳವಾರ ಮಗುವಿಗೆ ಬಂದಿದ್ದ ಜ್ವರ ಬಿಟ್ಟು ವಾರವಾಗಿತ್ತು. ಆದರೂ ಗಂಟೆಗೊಮ್ಮೆ ಇಡುತ್ತಿದ್ದಳು, ಇಟ್ಟದ್ದನ್ನು ಓದಿ ನಂಬದೆ ಮತ್ತೆ ಇಡುತ್ತಿದ್ದಳು.

"ಟೋಬಿಗೆ ಫೋನ್ ಮಾಡಿದ್ದು ಐದೂ ಹನ್ನೆರಡಕ್ಕೆ ಅಪ್ಪ" ಎಂದು ಫೋನು ತೋರಿಸಿದಳು. "ಒಂದು ನಿಮಿಷ ನಲವತ್ತು ಸೆಕೆಂಡು. ಮಗು ಸುಡ್ತಾ ಇದೆ, ಬೇಗ ಬಾ ಅಂದೆ. ಎರಡು ಸಲ ಅಂದೆ, ಬೇಗ ಅಂತ. ಔಷಧಿ ಕೊಟ್ಟು ಸುಮ್ನಿದ್ದಿದ್ರೆ ಆಗ್ತಿತ್ತು. ಎಲ್ಲ ಮಕ್ಳಿಗೂ ಜ್ವರ ಬರುತ್ತೆ. ನಾನ್ಯಾಕೆ ಫೋನ್ ಮಾಡ್ದೆ?"

ಕ್ಲೈವ್ ಅವಳ ತಲೆ ಸವರಿದ. ಬಾಯಿಗೆ ಬಂದದ್ದು ಬೇರೆಯೇ ಮಾತು. "ಕಾಂಗರೂ ಅಡ್ಡ ಬಂದ್ರೆ ನೀನೇನ್ ಮಾಡಕ್ಕಾಗುತ್ತೆ ಮಗಳೇ."

"ನಿಧಾನ ಬಂದಿದ್ರೆ ನಿಲ್ಲಿಸ್ತಿದ್ದ. ಬ್ರೇಕು ಹೊಸದಾಗಿತ್ತಲ್ಲ, ನೀನೇ ಮಾಡಿದ್ದು."

ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಿದರೆ ಅವಳ ಎದೆಯ ಮೇಲಿನ ಕಲ್ಲು ಇಳಿಯುತ್ತದೆ, ಅದು ಅವನಿಗೆ ಗೊತ್ತಿತ್ತು. ಹೇಳಿದ ಮರುದಿನ ಈ ಮನೆಯಲ್ಲಿ ಅವಳೂ ಇರುವುದಿಲ್ಲ, ಮಗುವೂ ಇರುವುದಿಲ್ಲ ಎನ್ನುವುದೂ ಗೊತ್ತಿತ್ತು. ದಿನಕ್ಕೆ ಹತ್ತು ಸಲ ಶೆಡ್ಡಿನ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿದ್ದ. ಪಾಸ್ಟಿ ತಂದರೆ ಹಾಗೇ ತಣ್ಣಗಾಗುತ್ತಿತ್ತು. ರೋವೆನಾ ದಿನದಿನಕ್ಕೆ ಇಳಿದುಹೋದಳು. ಮಗು ಕೆಮ್ಮಿದರೆ ಸಾಕು, ಎದ್ದು ನಿಲ್ಲುತ್ತಿದ್ದಳು. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಎಣಿಸುತ್ತಿದ್ದಳು. ಒಂಬತ್ತು, ಹತ್ತು ದಿನ ಹೀಗೇ ಕಳೆಯಿತು.

ಹನ್ನೊಂದನೆಯ ದಿನ, ಭಾನುವಾರ ಬೆಳಿಗ್ಗೆ, ಎಲ್ಸಿ ಕುರ್ಚಿ ಹಿಡಿದು ಮೊದಲ ಸಲ ಎದ್ದು ನಿಂತಿತು. ನಿಂತು ಇಬ್ಬರನ್ನೂ ನೋಡಿ ನಕ್ಕಿತು. ರೋವೆನಾ ನಗಲಿಲ್ಲ.

"ಇವಳು ದೊಡ್ಡೋಳಾದ್ಮೇಲೆ ಕೇಳ್ತಾಳಲ್ಲಪ್ಪ, ಅಪ್ಪ ಹೆಂಗ್ ಹೋದ ಅಂತ. ಸುಳ್ಳು ಹೇಳಲ್ಲ ನಾನು. ನಿಂಗೆ ಜ್ವರ ಬಂದಿತ್ತು, ನಾನು ಫೋನ್ ಮಾಡ್ದೆ, ನಿಮ್ಮಪ್ಪ ಓಡೋಡಿ ಬರ್ತಿದ್ದ ಅಂತ್ಲೇ ಹೇಳ್ತೀನಿ."

ಕ್ಲೈವ್ ಮಗುವನ್ನು ನೋಡಿದ. ಅದು ಇನ್ನೂ ನಿಂತೇ ಇತ್ತು, ಮಂಡಿ ನಡುಗಿಸುತ್ತ.

"ಬಾ ಇಲ್ಲಿ" ಎಂದ. "ಶೆಡ್ಡಿಗೆ ಬಾ. ಮಗೂನ ಎತ್ಕೋ."

ಬೈಕಿನ ಮುಂದೆ ನಿಂತು ಅವನು ಬೆರಳು ತೋರಿಸಿದ. ವಿವರಿಸುವ ಅಗತ್ಯ ಬೀಳಲಿಲ್ಲ. ಸೀಸೆ ಹಿಡಿದು ಬೆಳೆದವಳು ಅವಳು. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಗ್ಗಿ ಬಲಗಡೆ ನೋಡಿದಳು, ಎಡಗಡೆ ನೋಡಿದಳು. ಒಂದು ಅರ್ಧಗೆರೆಯ ಮೇಲೆ ಹೆಬ್ಬೆರಳಿಟ್ಟಳು. ಖಾಲಿ ತೂತಿನೊಳಗೆ ಇಣುಕಿದಳು.

"ಸದ್ದು ಬಂದಿತ್ತಾ?"

"ಇಲ್ಲ."

"ಸದ್ದು ಬರ್ದೆ ಗೆರೆ ಎಳದ್ಯಾ? ನೀನು?"

"ಎಳೆದೆ."

"ಯಾಕೆ?"

ಬಣ್ಣ ಮುಗಿಯುತ್ತಿತ್ತು, ನಿಮ್ಮಮ್ಮನ ಸೀಸೆ ಎಂದ. ಅಷ್ಟೇ ಹೇಳಿದ.

"ಆಮೇಲೆ ಬಿಗಿ ಮಾಡ್ಬೋದಿತ್ತಲ್ಲ!"

ಆ ಭಾನುವಾರದ ಕೂಗು, ಬ್ರೆಡ್ಡಿನ ಚೂರು, ನಾಲ್ಕು ಏಟು, ಎಲ್ಲ ಕ್ಲೈವ್‌ನ ನಾಲಿಗೆಯ ತುದಿಗೆ ಬಂದು ನಿಂತವು. ಎದುರಿಗೆ ಮಗು ಕೈ ಚಾಚಿ ಹೊಸ ಲೈಟಿನ ಒಡೆದ ಗಾಜು ಮುಟ್ಟಲು ನೋಡುತ್ತಿತ್ತು.

"ಮರೆತೆ" ಎಂದ. "ಮುದುಕನಾದೆ. ಮರೆತುಬಿಟ್ಟೆ."

ರೋವೆನಾ ಮಗುವಿನ ಕೈಯನ್ನು ಗಾಜಿನಿಂದ ದೂರ ಸರಿಸಿದಳು. "ನಿಂಗೆ ಯಾವತ್ತು ಗೊತ್ತಾಯ್ತು?"

"ನೆವ್ ತಂದಿಟ್ಟ ದಿನ."

"ಬುಧವಾರ." ಅವಳು ಎಣಿಸಿದಳು, ತುಟಿ ಅಲುಗಿತು. "ಹನ್ನೊಂದು ದಿನ. ಅವತ್ತೇ ಅಲ್ವಾ, ಅಡುಗೆಮನೇಲಿ ನನ್ ತಲೆ ಸವರಿ ಕಾಂಗರೂ ಅಂದಿದ್ದು? ಇದನ್ನ ನೋಡಿ, ಕೈ ತೊಳ್ಕೊಂಡು, ಬಂದು, ಅಂದಿದ್ದು?"

ಅವನು ಹೌದೆಂದು ತಲೆಯಾಡಿಸಿದ.

"ಹನ್ನೊಂದು ದಿನ ನಾನು ನನ್ನನ್ನೇ ತಿಂತಾ ಇದ್ದೆ ಅಪ್ಪ. ನೀನು ಎದುರಿಗೆ ಕೂತ್ಕೊಂಡು ನೋಡ್ತಿದ್ದೆ."

ಕೂಗಾಡಲಿಲ್ಲ ಅವಳು. ಕೂಗಾಡಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಒಳಗೆ ಹೋಗಿ ಮಗುವಿನ ಬಟ್ಟೆ, ಬಾಟಲಿ, ಥರ್ಮಾಮೀಟರು ಚೀಲಕ್ಕೆ ತುಂಬಿದಳು. ಕ್ಲೇರ್ ಊರಿನಲ್ಲಿರುವ ಟೋಬಿಯ ತಾಯಿಗೆ ಫೋನು ಮಾಡಿ, ಬರುತ್ತಿದ್ದೇನೆ ಎಂದಷ್ಟೇ ಹೇಳಿದಳು.

ಅಷ್ಟರಲ್ಲಿ ಕ್ಲೈವ್ ಅಂಗಳದಲ್ಲಿ ನಿಂತು ನೆವ್‌ಗೆ ಫೋನು ಹಚ್ಚಿದ.

"ನನ್ ಗೆರೆ ಇರೋ ಬೈಕು ಯಾವ್ದನ್ನೂ ಯಾರೂ ಓಡಿಸ್ಬಾರ್ದು ಅಂತ ಎಲ್ರಿಗೂ ಹೇಳು. ಬೇರೆಯೋರ ಹತ್ರ ತೋರಿಸೋವರ್ಗೂ."

"ಏನ್ ಮಾತಾಡ್ತಿದೀಯ ಮಾರಾಯ? ಕುಡಿದಿದೀಯಾ ಬೆಳಿಗ್ಗೆ ಬೆಳಿಗ್ಗೆ?"

"ಹೇಳು ಅಂದ್ರೆ ಹೇಳು. ನಾನೀಗ ಪೊಲೀಸ್ ಸ್ಟೇಷನ್ನಿಗೆ ಹೋಗ್ತಿದೀನಿ."

ರೋವೆನಾ ಚೀಲ ಹಿಂದಕ್ಕೆಸೆದು ಎಲ್ಸಿಯನ್ನು ಸೀಟಿನಲ್ಲಿ ಕೂರಿಸಿದಳು. ಪಟ್ಟಿ ಹಾಕಿದಳು. ಕ್ಲೈವ್ ನಡೆದು ಬಂದ. ಅವನು ಯೋಚಿಸಿ ಬಂದದ್ದಲ್ಲ, ಕಾಲುಗಳಿಗೆ ಅಭ್ಯಾಸವಾಗಿತ್ತು. ತೆರೆದ ಬಾಗಿಲೊಳಗೆ ತಲೆ ತೂರಿಸಿ ಪಟ್ಟಿಗೆ ಕೈ ಚಾಚಿದ. ಮಗು ಅವನ ಬೆರಳು ಹಿಡಿಯಲು ಬಂತು.

"ಮುಟ್ಬೇಡ."

ಅವನು ಕೈ ಹಿಂದೆ ತೆಗೆದ.

"ನಾನ್ ನೋಡ್ಕೋತೀನಿ" ಎಂದಳು ರೋವೆನಾ. ಪಟ್ಟಿ ಜಗ್ಗಿದಳು. ಸೀಟಿನ ಬುಡದ ಕೊಂಡಿ ಹಿಡಿದು ಅಲುಗಿಸಿದಳು, ಅಪ್ಪ ಕೂರಿಸಿದ್ದ ಕೊಂಡಿ. ಮತ್ತೆ ಜಗ್ಗಿದಳು. ಬಾಗಿಲು ಹಾಕಿ ಸುತ್ತಿ ಹೋಗಿ ಸ್ಟಿಯರಿಂಗಿನ ಮುಂದೆ ಕೂತವಳು ಮತ್ತೆ ಇಳಿದು ಬಂದು, ಹಿಂದಿನ ಬಾಗಿಲು ತೆರೆದು, ಮೂರನೆಯ ಸಲ ಜಗ್ಗಿದಳು.